ಯರಗುಪ್ಪಿಗೆ ಬಂದ ಭೂತಾನದ ಕಾಯ್ದೆ

ಬೆಳಿಗ್ಗೆಯಿಂದ ಪಕ್ಕದ ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದಾರೆ. ಘಾಟು ಗೋಡೆ ಹಾರಿ ಬಂದು ನನ್ನನ್ನು ಸೀನಿಸಿ ಸೀನಿಸಿ ಸುಸ್ತು ಮಾಡಿದೆ. ಈ ಘಾಟಿಗೆ ನಿಮಗೆ ಕೆಮ್ಮು ಬರಬಹುದು. ನನಗೆ ಭೂತಾನ ನೆನಪಾಗುತ್ತದೆ. ಆ ದೇಶದಲ್ಲಿ ಮೆಣಸಿನಕಾಯಿಯನ್ನು ಖಾರದ ಸಾಮಾನು ಎಂದು ತಿಳಿಯುವುದಿಲ್ಲ, ಬದನೆಕಾಯಿಯ ಹಾಗೆ ಪಲ್ಯ ಮಾಡಿ ಉಣ್ಣುತ್ತಾರೆ. ನಾನು ಅಲ್ಲಿ ಶಾಲೆಯ ಮಾಸ್ತರನಾಗಿ ಕೆಲವು ವರ್ಷ ಇದ್ದೆ. ಖಾರ ತಿನ್ನುವುದರಲ್ಲಿ ಯರಗುಪ್ಪಿಯವನನ್ನು ಯಾರು ಮೀರಿಸುತ್ತಾರೆ ಎಂಬ ಬಿಂಕದಿಂದ ಹೋಗಿ, ಮೊದಲನೆಯ ಊಟಕ್ಕೇ ಕಣ್ಣೀರು ಹಾಕಿದವನು. ಅಲ್ಲಿಂದ ಊರಿಗೆ ನಾನು ತಂದದ್ದು ಒಂದು ಉಣ್ಣೆಯ ಶಾಲು, ಮತ್ತು ಸ್ವಲ್ಪ ಕಾನೂನು. ಶಾಲನ್ನು ನುಸಿ ತಿಂದಿತು.

ಮೆಣಸಿನಕಾಯಿ ಹುರಿಯುತ್ತಿರುವ ಮನೆ ಚನಬಸಪ್ಪ ಕಾಕಾನದು. ಕಾಕಾ ಎಂದರೆ ನಮ್ಮದು ರಕ್ತಸಂಬಂಧವಲ್ಲ, ಗೋಡೆ ಸಂಬಂಧ. ಎರಡು ಮನೆಗೂ ನಡುವೆ ಒಂದೇ ಗೋಡೆ. ಹನುಮಪ್ಪನ ಗುಡಿಯ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತು ಊರ ಜಗಳ ಬಗೆಹರಿಸುವ ಹಿರಿಯರಲ್ಲಿ ಅವನೇ ಮುಖ್ಯ. ಯಾರದೋ ಎಮ್ಮೆ ಯಾರದೋ ಜೋಳಕ್ಕೆ ಬಿದ್ದದ್ದು, ಹೊಲದ ಒಡ್ಡು ರಾತ್ರೋರಾತ್ರಿ ಒಂದು ಮೊಳ ಸರಿದದ್ದು, ಅತ್ತೆ ಸೊಸೆ ಬೇರೆ ಒಲೆ ಹೂಡಿದ್ದು, ಎಲ್ಲವೂ ಮೊದಲು ಅಲ್ಲಿಗೆ ಬರುತ್ತಿತ್ತು. ಕುಂದಗೋಳದ ಕೋರ್ಟಿಗೆ ಹೋಗುವವರನ್ನು ಕಾಕಾ ದವಾಖಾನೆಗೆ ಹೋಗುವವರಂತೆ ಮರುಕದಿಂದ ನೋಡುತ್ತಿದ್ದ.

ಕಾಕಾನಿಗೆ ಒಬ್ಬಳೇ ತಂಗಿ, ನೀಲವ್ವ ಅತ್ತಿ. ನವಲಗುಂದಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆ ಮಾಡಿಕೊಂಡಿದ್ದ. ಆ ಮನೆಯಲ್ಲಿ ಅವಳನ್ನು ಯಾರೂ ಬೈಯುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. ಆದರೆ ಒಂದು ಲೋಟ ಚಹಾ ಕಾಸಿಕೊಳ್ಳಬೇಕಾದರೂ ಒಲೆ ಖಾಲಿಯಾಗುವವರೆಗೆ ಕಾಯಬೇಕಿತ್ತು. ಪ್ರತಿ ವರ್ಷ ನಾಗರ ಪಂಚಮಿಗೆ ತವರಿಗೆ ಬರುತ್ತಿದ್ದಳು. ಹೋಗುವಾಗ ಕಾಕಾನ ಹೆಂಡತಿ, ನಾವು ಕಾಕು ಎನ್ನುತ್ತಿದ್ದೆವು, ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಿದ್ದಳು. ನಮ್ಮ ಕಡೆ ಹೆಣ್ಣುಮಗಳ ಪಾಲು ಎಂದರೆ ಇದೇ. ಅಪ್ಪನ ಹೊಲದಲ್ಲಿ ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚಿತು ಎಂದೇ ಲೆಕ್ಕ.

ಬಂದಾಗಲೆಲ್ಲ ಅತ್ತಿ ಬನ್ನಿಗಿಡದ ಹೊಲಕ್ಕೆ ಹೋಗಿ ಒಂದು ಸುತ್ತು ಹಾಕಿಕೊಂಡು ಬರುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪನ ಕೂರಿಗೆಯ ಹಿಂದೆ ನಡೆದು ಬಿತ್ತಿದ ಹೊಲ. ಅದರಲ್ಲಿ ತನಗೊಂದು ತುಂಡು ಇದ್ದಿದ್ದರೆ ತಗಡಿನ ಮನೆ ಹಾಕಿಕೊಂಡು, ಸ್ವಂತ ಒಲೆ ಹೊತ್ತಿಸಿಕೊಂಡು ಇರುತ್ತಿದ್ದೆ ಎಂದು ನಮ್ಮವ್ವನ ಮುಂದೆ ಹೇಳಿ, ಹೇಳಿದ ಮೇಲೆ ಅಣ್ಣನಿಗೆ ಕೇಳಿಸಿತೇನೋ ಎಂದು ಗೋಡೆಯ ಕಡೆ ನೋಡುತ್ತಿದ್ದಳು.

ಇನ್ನು ಭೂತಾನದ ಕಾನೂನಿನ ಮಾತು. ಸಣ್ಣ ದೇಶ, ಹುಬ್ಬಳ್ಳಿ ಧಾರವಾಡ ಕೂಡಿಸಿದರೆ ಅದಕ್ಕಿಂತ ಮಂದಿ ಹೆಚ್ಚು. ಅಲ್ಲಿ ಚಳಿಗಾಲಕ್ಕೆ ಶಾಲೆ ಬಿಡುತ್ತಾರೆ. ನಾನು ರೈಲಿನಲ್ಲಿ ದಿನಗಟ್ಟಲೆ ಕೂತು ಊರಿಗೆ ಬಂದರೆ, ಕಾಕಾ ನನ್ನನ್ನು ಕಟ್ಟೆಗೆ ಕರೆದೊಯ್ದು ಆ ರಾಜ್ಯದ ನ್ಯಾಯದ ಪದ್ಧತಿ ವಿಚಾರಿಸುತ್ತಿದ್ದ. ಹಳೆಯ ಕಾಲದಲ್ಲಿ ಅಲ್ಲಿಯೂ ಊರ ಹಿರಿಯರೇ ಎರಡೂ ಕಡೆಯವರನ್ನು ಕೂಡಿಸಿ ರಾಜಿ ಮಾಡಿಸುತ್ತಿದ್ದರು, ಆಗದಿದ್ದರೆ ಅಧಿಕಾರಿ, ಕಡೆಗೆ ರಾಜ ಎಂದೆ. ಕಾಕಾ ತಲೆದೂಗಿದ. ಆಮೇಲೆ ಒಬ್ಬ ರಾಜ ಕಾಯ್ದೆಗಳನ್ನು ಬರೆಸಿ ಕೋರ್ಟು ಕಟ್ಟಿಸಿದ, ಆದರೂ ವಾದ ಮಾಡಲು ವಕೀಲರೇ ಇರಲಿಲ್ಲ, ಅವರವರ ಮಾತು ಅವರವರೇ ಆಡಿಕೊಳ್ಳುತ್ತಿದ್ದರು ಎಂದೆ. ಕಾಕಾ ಅಂಥ ದೇಶಕ್ಕೆ ಕೂತಲ್ಲಿಂದಲೇ ಕೈಮುಗಿದ. ನಾನಿದ್ದ ವರ್ಷಗಳಲ್ಲೇ ವಕೀಲರು ಹುಟ್ಟಿಕೊಂಡರು. ಆ ಸುದ್ದಿಯನ್ನು ಅವನ ವಯಸ್ಸು ನೋಡಿ ಒಂದು ವರ್ಷ ತಡೆದು ಹೇಳಿದೆ.

ರಾಜಿಯಾದ ಮೇಲೆ ಎರಡೂ ಕಡೆಯವರು ಕೂಡಿ ಮನೆಯಲ್ಲಿ ಕಾಸಿದ ಸಾರಾಯಿ ಕುಡಿಯುತ್ತಾರೆ ಎಂಬ ಸಂಗತಿಯನ್ನು ಕಾಕಾ ಬಹಳ ಹೊತ್ತು ಯೋಚಿಸಿ, ತಿದ್ದುಪಡಿಯೊಂದಿಗೆ ಒಪ್ಪಿಕೊಂಡ. ಯರಗುಪ್ಪಿಯಲ್ಲಿ ಸಾರಾಯಿಯ ಜಾಗದಲ್ಲಿ ಚಹಾ. ಇಬ್ಬರೂ ಚಹಾ ಕುಡಿಯುವವರೆಗೆ ತೀರ್ಪು ಪಕ್ಕಾ ಅಲ್ಲ. ಇದು ಹಿಡಿಸಿತು. ನೋಡನೋಡುತ್ತಾ ಕಟ್ಟೆಗೆ ಬಂದವರು ತಾವಾಗಿಯೇ, ಈ ವಿಷಯದಲ್ಲಿ ಭೂತಾನದಾಗ ಹೆಂಗೈತ್ರಿ ಎಂದು ಕೇಳತೊಡಗಿದರು. ನಮ್ಮ ಕಟ್ಟೆ ಇನ್ನು ಭೂತಾನದ ಕಾಯ್ದೆಯಂತೆ ನಡೆಯುತ್ತದೆ ಎಂದು ಕಾಕಾ ಸಾರಿಯೇ ಬಿಟ್ಟ.

ಒಂದು ಸಂಗತಿ ಮಾತ್ರ ಅವನಿಗೆ ರುಚಿಸಲಿಲ್ಲ. ಆ ರಾಜನ ಮಗ ತನ್ನ ಅಧಿಕಾರವನ್ನು ತಾನೇ ಕಡಿಮೆ ಮಾಡುವ ಸಂವಿಧಾನ ಬರೆಸಿ ಜನರ ಮುಂದಿಟ್ಟ, ಜನ ನಮಗೆ ನೀನೇ ಸಾಕು ಅಂದರೂ ಕೇಳಲಿಲ್ಲ, ರಾಜರಿಗೂ ಒಂದು ವಯಸ್ಸಿನ ನಂತರ ನಿವೃತ್ತಿ ಎಂದು ಅದರಲ್ಲಿ ಬರೆದಿದೆ ಎಂದು ನಾನು ಹೇಳಿದಾಗ ಕಾಕಾ ಬೇವಿನ ಕಡ್ಡಿಯಿಂದ ಹಲ್ಲು ಕೆದಕುತ್ತಾ ಕೂತ. ಅವನು ಆ ವಯಸ್ಸು ದಾಟಿ ಕೆಲವು ವರ್ಷಗಳಾಗಿದ್ದವು.

ನಾನು ಅಲ್ಲಿನ ಕೆಲಸ ಬಿಟ್ಟು ಊರಿಗೆ ಬಂದ ಚಳಿಗಾಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಲು ಅತ್ತಿ ಬಂದಿದ್ದಳು. ಮರುದಿನ ಕಟ್ಟೆಯಲ್ಲಿ ಯಾವುದೋ ಒಡ್ಡಿನ ಜಗಳ ಮುಗಿದು ಚಹಾ ಬಂದಿತ್ತು. ಅತ್ತಿ ಸೆರಗು ಹೊದ್ದುಕೊಂಡು ಬಂದು ಕಟ್ಟೆಯ ಮುಂದೆ ನಿಂತಳು. ಅಲ್ಲಿಗೆ ಹೆಂಗಸರು ಬರುವ ರೂಢಿ ಇರಲಿಲ್ಲ. ಅಣ್ಣನ ಕಡೆ ನೋಡದೆ ನನ್ನನ್ನು ಕೇಳಿದಳು:

“ತಮ್ಮಾ, ಭೂತಾನದಾಗ ಅಪ್ಪನ ಹೊಲ ಯಾರಿಗೆ ಹೋಗತೈತಿ?”

ಕಾಕಾ ಇದನ್ನು ನನ್ನನ್ನು ಎಂದೂ ಕೇಳಿರಲಿಲ್ಲ. ತಂಗಿಗೆ ತನ್ನ ಕಾಯ್ದೆಯ ಮೇಲೆ ಆಸಕ್ತಿ ಬಂದದ್ದಕ್ಕೆ ಹಿಗ್ಗಿ, ಎಲ್ಲರಿಗೂ ಕೇಳುವಂತೆ ಹೇಳು ಎಂದು ನನಗೆ ಅಪ್ಪಣೆ ಮಾಡಿದ. ನಾನು ಹೇಳಿದೆ. ನಾನಿದ್ದ ಕಣಿವೆಯಲ್ಲಿ ಮನೆ, ಹೊಲ ಮಗಳಿಗೆ. ಮಗ ಹೆಂಡತಿಯ ಮನೆಗೆ ಹೋಗುತ್ತಾನೆ. ಬರೆದ ಕಾಯ್ದೆಯಲ್ಲಿ ಗಂಡು ಹೆಣ್ಣು ಇಬ್ಬರೂ ಸಮ. ಚಹಾ ಹಿಡಿದವರು ಯಾರೂ ಕುಡಿಯಲಿಲ್ಲ.

“ಅಣ್ಣಾ, ವರ್ಷಾ ಉಡಿ ತುಂಬೀರಿ, ನಾ ಇಲ್ಲ ಅನ್ನೂದಿಲ್ಲ,” ಅಂದಳು ಅತ್ತಿ. “ಉಡ್ಯಾಗಿನ ಅಕ್ಕಿ ಉಣ್ಣಾಕ ಬರತಾವ, ಬಿತ್ತಾಕ ಬರೂದಿಲ್ಲ. ನನಗ ಬನ್ನಿಗಿಡದ ಹೊಲದಾಗ ಪಾಲು ಬೇಕು.”

ಕಾಕಾ ಖಟ್ಲೆಯನ್ನು ಮುಂದಿನ ಸಂತೆಯ ದಿನಕ್ಕೆ ಮುಂದೂಡಿದ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಹೆಣ್ಣುಮಕ್ಕಳಿಗೆ ಸಮಪಾಲು ಎಂದು ನಮ್ಮ ದೇಶದ ಕಾಯ್ದೆಯೂ ಆಗಲೇ ಹೇಳಿತ್ತು. ಅದು ದೆಹಲಿಯಿಂದ ಹೊರಟು ಧಾರವಾಡದವರೆಗೆ ಬಂದಿತ್ತು, ಕುಂದಗೋಳಕ್ಕೂ ಬಂದಿರಬೇಕು. ಕುಂದಗೋಳದಿಂದ ಯರಗುಪ್ಪಿಯ ಕಟ್ಟೆಗೆ ಬರುವಷ್ಟರಲ್ಲಿ ಹಿಮಾಲಯದ ಕಾಯ್ದೆ ನನ್ನ ಟ್ರಂಕಿನ ಜೊತೆ ಬಂದು ಮುಟ್ಟಿಬಿಟ್ಟಿತ್ತು.

ಆ ಸಂಜೆ ಕಾಕಾ ಗೋಡೆಯ ಮೇಲಿಂದ ಕತ್ತು ಚಾಚಿ, ಆ ದೇಶದಲ್ಲಿ ಎಲ್ಲ ಕಡೆಯೂ ಹಾಗೆಯೇ ಏನು ಎಂದು ವಿಚಾರಿಸಿದ. ದಕ್ಷಿಣದ ಸೀಮೆಯಲ್ಲಿ ಗಂಡುಮಕ್ಕಳಿಗೆ ಕೊಡುವ ರೂಢಿಯೂ ಇದೆ ಎಂದೆ. ಕಾಕಾನ ಮುಖ ಅರಳಿತು. “ನಮ್ಮೂರೂ ದಕ್ಷಿಣಕ್ಕ ಬರತೈತಲ್ಲೋ ಮಾಸ್ತರ,” ಅಂದ. ಬರೆದ ಕಾಯ್ದೆ ಎರಡೂ ಕಡೆಗೆ ಒಂದೇರಿ ಎಂದೆ. ಕತ್ತು ಗೋಡೆಯ ಆಚೆ ಇಳಿಯಿತು.

ಸಂತೆಯ ದಿನ ಕಟ್ಟೆಯ ಮುಂದೆ ಊರಿಗೆ ಊರೇ ಕೂಡಿತ್ತು. ಅತ್ತಿ ಬೇವಿನ ಬೊಡ್ಡೆಗೆ ಆತು ನಿಂತಿದ್ದಳು. ಕಾಕಾ ಬಂದ, ಕಟ್ಟೆ ಹತ್ತಲಿಲ್ಲ; ವಾದಿ ಪ್ರತಿವಾದಿಗಳು ಕೂರುವ ಕೆಳಗಿನ ಜಾಗದಲ್ಲಿ ಧೋತರ ಸರಿಮಾಡಿಕೊಂಡು ಕೂತ. ಮೇಲಿದ್ದ ಹಿರಿಯರನ್ನು ತೀರ್ಪು ಹೇಳಿರೆಂದು ಕೇಳಿದ. ಒಬ್ಬನಿಗೆ ಕೆಮ್ಮು ಬಂತು. ಇನ್ನೊಬ್ಬನಿಗೆ ಎಮ್ಮೆ ಬಿಟ್ಟು ಬಂದದ್ದು ನೆನಪಾಯಿತು. ಮೇಲೆ ಕೂತವರಲ್ಲಿ ಅಕ್ಕ ತಂಗಿಯರಿಲ್ಲದವನು ಒಬ್ಬನೂ ಇರಲಿಲ್ಲ. ಕಡೆಗೆ ಕಾಕಾ ತಾನೇ ಮಾತಾಡಿದ:

“ಬ್ಯಾರೇದವರಿಗಿ ಭೂತಾನದ ಕಾಯ್ದಿ, ನನಗ ಯರಗುಪ್ಪಿದು ಅಂದ್ರ ನಡಿಯೂದಿಲ್ಲ. ಆ ರಾಜಾನ ಇಳದಾನಂತ, ನಂದೇನು. ನೀಲವ್ವಾ, ಅರ್ಧಾ ಹೊಲಾ ನಿಂದು.”

ಚಹಾ ಬಂತು. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡದೆ ಕುಡಿದರು. ತೀರ್ಪು ಪಕ್ಕಾ ಆಯಿತು. ಕಾಕಾ ಎದ್ದು ಮನೆಗೆ ಹೋದ, ತಂಗಿಯನ್ನು ಬಾ ಎಂದು ಕರೆಯಲಿಲ್ಲ. ಆಮೇಲೆ ಕುಂದಗೋಳಕ್ಕೆ ಹೋಗಿ ಅರ್ಧ ಹೊಲವನ್ನು ಅವಳ ಹೆಸರಿಗೆ ಮಾಡಿಸಿಯೂ ಕೊಟ್ಟ. ಹೋಗುವಾಗ ಬಸ್ಸಿನಲ್ಲಿ ಅವನು ಮುಂದಿನ ಸೀಟು, ಅವಳು ಹಿಂದಿನ ಸೀಟು. ಹೊಲ ಬಂತು, ತವರು ಹೋಯಿತು ಎಂದು ಊರಿನ ಹೆಂಗಸರು ಅಂದುಕೊಂಡರು. ನನಗೂ ಹಾಗೆಯೇ ಅನ್ನಿಸಿ ಬಹಳ ಸಂಕಟವಾಯಿತು.

ಪಂಚಮಿ ಬಂತು. ಊರಲ್ಲಿ ಜೋಕಾಲಿ ಕಟ್ಟಿದ್ದರು. ಜಿಟಿಜಿಟಿ ಮಳೆಯಲ್ಲಿ ನಾನು ಹೊಲದ ಕಡೆ ಹೋದರೆ ಬನ್ನಿಗಿಡದ ಕೆಳಗೆ ಅತ್ತಿ ಕೂತಿದ್ದಳು, ಮಗ್ಗುಲಲ್ಲಿ ಒಂದು ಕೈಚೀಲ. ಊರಿನ ತನಕ ಬಾರದೆ ಹೊಲದ ದಾರಿಯಲ್ಲೇ ಬಸ್ ಇಳಿದಿದ್ದಳು. ಹೆಸರು ಹೆಂಗ ಬಂದೈತಿ ನೋಡೂಣಂತ ಬಂದೆ ಎಂದಳು. ಹೆಸರಿನ ಬೆಳೆ ಅವಳ ಎಡಕ್ಕಿತ್ತು. ಅವಳು ನೋಡುತ್ತಿದ್ದದ್ದು ಬಲಕ್ಕೆ, ಊರಿನ ಕಡೆ. ನಾನು ವಾಪಸು ಬಂದು ಗೋಡೆಯ ಮೇಲಿಂದ ಕಾಕಾನಿಗೆ ಇಷ್ಟೇ ಹೇಳಿದೆ. ಸ್ವಲ್ಪ ಹೊತ್ತಿಗೆ ಛತ್ರಿ ಹಿಡಿದು ಅವನು ಮುಂದೆ, ಸೆರಗಿನಲ್ಲಿ ಉಡಿ ಸಾಮಾನಿನ ಮೊರ ಮುಚ್ಚಿಕೊಂಡು ಕಾಕು ಹಿಂದೆ, ಹೊಲದ ದಾರಿ ಹಿಡಿದರು. ನನಗೂ ಅದೇ ಕಡೆ ಏನೋ ಕೆಲಸ ನೆನಪಾಯಿತು.

ಕಾಕು ಬನ್ನಿಗಿಡದ ಕೆಳಗೆ ಅತ್ತಿಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಕಾಕಾ ಹೊಸ ಒಡ್ಡಿನ ಈಚೆ, ತನ್ನ ಅರ್ಧದಲ್ಲೇ ನಿಂತಿದ್ದ.

“ಹೊಲಾ ಕಾಯ್ದಿ ಕೊಟ್ಟೈತಿ, ನೀಲವ್ವಾ,” ಅಂದ. “ಇದು ನಾ ಕೊಡಾಕತ್ತೇನಿ. ಪಂಚಮಿ ಉಂಡಿ ಕಟ್ಟ್ಯಾರ, ಮನಿಗಿ ನಡಿ.”

ಅತ್ತಿ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಕಾಕು ಒರೆಸಿದಳು. ನಾನೂ ಅತ್ತುಬಿಟ್ಟೆ.

ಕಾಕಾ ಹೋದ ವರ್ಷ ತೀರಿಕೊಂಡ. ಅತ್ತಿ ಬನ್ನಿಗಿಡದ ಹೊಲದಲ್ಲಿ ತಗಡಿನ ಮನೆ ಹಾಕಿಕೊಂಡಿದ್ದಾಳೆ, ಮನಸ್ಸಿಗೆ ಬಂದಾಗ ಚಹಾ ಕಾಸಿಕೊಳ್ಳುತ್ತಾಳೆ. ಈಗ ಮತ್ತೆ ಪಂಚಮಿ. ಮೆಣಸಿನಕಾಯಿ ಹುರಿಯುತ್ತಿರುವವಳು ಕಾಕಾನ ಮಗಳು ಶಾಂತವ್ವ, ನಿನ್ನೆ ಅಣ್ಣಿಗೇರಿಯಿಂದ ತವರಿಗೆ ಬಂದಿದ್ದಾಳೆ. ಅವಳು ಪಾಲು ಗೀಲು ಏನನ್ನೂ ಕೇಳಿಲ್ಲ. ಇದನ್ನು ಇಷ್ಟು ಬರೆಯುವಷ್ಟರಲ್ಲಿ ಅವಳ ಅಣ್ಣ ಈರಣ್ಣ ಗೋಡೆಯ ಮೇಲಿಂದ ಕತ್ತು ಚಾಚಿದ. ತಂಗಿಯ ವಿಷಯದಲ್ಲಿ ಭೂತಾನದ ಕಾಯ್ದೆ ಈಗಲೂ ಹಾಗೆಯೇ ಇದೆಯೋ, ಬದಲಾಗಿದೆಯೋ ಎಂದು ಕೇಳಿದ.

ಅಲ್ಲಿಯದು ನನಗೆ ಗೊತ್ತಿಲ್ಲ, ನಮ್ಮ ದೇಶದ್ದು ಹೇಳುತ್ತೇನೆ ಎಂದು ಹೇಳಿದೆ. ಈ ಗೋಡೆಯ ಮೇಲೆ ಆ ಕಾಯ್ದೆಯ ಮಾತು ಬಂದದ್ದು ಇದೇ ಮೊದಲು. ಈರಣ್ಣ ಕೇಳಿಸಿಕೊಂಡು ತಲೆ ಕೆರೆದುಕೊಂಡ.

“ಪಾಲು ಕೊಟ್ಟ ಮ್ಯಾಲೂ ಉಡಿ ತುಂಬಬೇಕೇನ್ರಿ?”

“ತುಂಬಬೇಕಪಾ,” ಅಂದೆ.

ಈರಣ್ಣ ಒಳಗೆ ತಿರುಗಿ, ಮೆಣಸಿನಕಾಯಿ ಬಿಟ್ಟು ಹೊಲ ನೋಡಿಕೊಂಡು ಬರೋಣ ನಡಿ ಎಂದು ತಂಗಿಯನ್ನು ಕೂಗಿದ.