ಅಕ್ಕನ ಎಡಗಾಲು

ಅಕ್ಕನ ಗರ್ಭಕೋಶದಲ್ಲಿ ದೊಡ್ಡ ಗಡ್ಡೆಯಿತ್ತು. ಹೊಟ್ಟೆ ಮುಂದೆ ಬಂದಿತ್ತು; ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು. ಡಾಕ್ಟರು ಆಪರೇಷನ್ ಆಗಲೇಬೇಕೆಂದಿದ್ದರು. ತಿ. ನರಸೀಪುರದ ಅವಳ ಅತ್ತೆ, ಹೊಸ ಮನೆಯ ಗೃಹಪ್ರವೇಶ ಮುಗಿಯಲಿ ಎಂದರು. ಕರೆಯಲು ಹೋದ ಕಡೆಯೆಲ್ಲ ಹೆಂಗಸರು ಎಷ್ಟು ತಿಂಗಳು ಎಂದು ಕೇಳುತ್ತಿದ್ದರಂತೆ. "ಮೂರು ವರ್ಷ ಆಯ್ತು ಕಣಕ್ಕ, ಇನ್ನೂ ಹೆರಿಗೆ ಆಗಿಲ್ಲ ಅಂದೆ" ಎಂದು ಅಕ್ಕ ಫೋನಿನಲ್ಲಿ ನಕ್ಕಳು.

ಆಗಲೇ, ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ತಂದುಕೊಡು ಎಂದಳು. ಲಿಂಗ ಕಟ್ಟಿದವರಿಗೆ ಮೈಲಿಗೆಯಿಲ್ಲ ಎಂದು ಮಠದಲ್ಲಿ ಸ್ವಾಮಿಗಳು ಹೇಳುತ್ತಾರೆ. ಅತ್ತೆ ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸುತ್ತಾರೆ. ಆದರೂ ಹಾಲುಕ್ಕಿಸುವ ಸೊಸೆ ಹೊರಗಾಗಿರಬಾರದು. ನಂಜನಗೂಡಿನ ನಮ್ಮ ಬೀದಿಯ ಮೆಡಿಕಲ್ಲಿನಲ್ಲಿ ಚೀಟಿಯಿಲ್ಲದೆ ಮಾತ್ರೆ ಕೊಂಡೆ. ಗಡ್ಡೆಯ ವಿಷಯ ಹೇಳಲಿಲ್ಲ. ಅಂಗಡಿಯವನು ಕೇಳಲಿಲ್ಲ ಎಂದು ಇಷ್ಟು ದಿನ ನೆನಪಿಟ್ಟುಕೊಂಡಿದ್ದೇನೆ, ಕೇಳಿದ್ದನೋ ಏನೋ.

ಗೃಹಪ್ರವೇಶ ಚೆನ್ನಾಗಿ ಆಯಿತು. ನಾನು ಅಲ್ಲೇ ಉಳಿದುಕೊಂಡೆ. ಮಾರನೆಯ ದಿನ ಅಕ್ಕನ ಎಡಗಾಲು ತೊಡೆಯವರೆಗೂ ಊದಿತ್ತು. ಡಾಕ್ಟರಿಗೆ ತೋರಿಸೋಣ ಅಂದಳು. ನಿಂತು ನಿಂತು ಉಳುಕಿದೆ ಎಂದರು ಅತ್ತೆ. ಹರಳೆಣ್ಣೆ ಬಿಸಿ ಮಾಡಿ ಮೀನಖಂಡವನ್ನು ತೀಡಿದ್ದಾಯಿತು. ಅಕ್ಕ ನೋವಿಗೆ ಚಾಪೆಯ ಅಂಚು ಹಿಡಿದುಕೊಂಡಳು. ಅತ್ತೆ, "ವಸಿ ತಡ್ಕೊಳವ್ವ, ಗಂಟು ಕರಗ್ಲಿ" ಎನ್ನುತ್ತಿದ್ದರು.

ಸಂಜೆ ಬಚ್ಚಲಿಗೆಂದು ಎದ್ದವಳು ಉಸಿರು ಸಿಗುತ್ತಿಲ್ಲವೆಂದು ಬಾಗಿಲಲ್ಲೇ ಕುಸಿದಳು. ಮೈಸೂರು ಸೇರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಗಡ್ಡೆ ರಕ್ತನಾಳವನ್ನು ಒತ್ತಿ ಕಾಲಲ್ಲಿ ರಕ್ತ ಹೆಪ್ಪುಗಟ್ಟಿರಬೇಕು, ಮಾತ್ರೆಯೂ ಸೇರಿರಬಹುದು, ತೀಡಿದಾಗ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿರಬಹುದು ಎಂದ ಡಾಕ್ಟರು, ತೀಡಿದ್ದು ಯಾರು ಎಂದು ಕೇಳಿದರು. ನಾನು ಅತ್ತೆಯ ಕಡೆ ನೋಡಿದೆ.

"ನಾನಾ? ನಾನು ಎಣ್ಣೆ ಕಾಸ್ಕೊಟ್ಟೆ. ತೀಡಿದ್ದು ನೀನಲ್ವೇನವ್ವ, ಓದಿದೋಳು" ಎಂದರು.

ಅತ್ತೆ ತೀಡಿದರು ಎಂದೇ ನನ್ನ ಡೈರಿಯಲ್ಲಿದೆ. ಆ ಪುಟ ಬರೆದದ್ದು ಆಸ್ಪತ್ರೆಯಿಂದ ಬಂದ ಮೇಲೆ. ಆದರೆ ಆ ಕಾಲು ಸುಡುತ್ತಿತ್ತು, ಒತ್ತಿದರೆ ಮರದ ಹಾಗೆ ಗಟ್ಟಿಯಿತ್ತು. ನೋಡುತ್ತ ನಿಂತವಳಿಗೆ ಇದು ಗೊತ್ತಾಗುವುದಿಲ್ಲ.

ಅಕ್ಕನ ಮಗಳಿಗೆ ಡೈರಿಯಲ್ಲಿರುವುದನ್ನೇ ಹೇಳಿದ್ದೇನೆ. ಅಜ್ಜಿ ಬಡಿಸಿದರೆ ಅವಳು ತಟ್ಟೆ ಸರಿಸಿ ಏಳುತ್ತಾಳಂತೆ. ಮೊನ್ನೆ ಅತ್ತೆ ಫೋನ್ ಮಾಡಿ, "ಮಗೀಗೆ ನಿಜ ಒಂದು ಮಾತು ಏಳವ್ವ" ಎಂದು ಬೇಡಿದರು. ನನಗೆ ಸರಿಯಾಗಿ ನೆನಪಿಲ್ಲ ಅತ್ತೆ ಎಂದು ಇಟ್ಟುಬಿಟ್ಟೆ.