ಹೆಸರಿಲ್ಲದ ಗಾಡಿಗೆ ಜಾಮೀನು ನಿಂತವರು

ಯಾರಾದರೂ ಹೊಸ ಬೈಕ್ ತಂದು ತೋರಿಸಿದರೆ ಬಸ್ತ್ಯಣ್ಣ ಮೊದಲು ಟ್ಯಾಂಕಿನ ಮೇಲಿನ ಕಂಪನಿಯ ಹೆಸರನ್ನು ಅಂಗೈಯಿಂದ ಮುಚ್ಚುತ್ತಿದ್ದರು. ಆಮೇಲೆ ಕಣ್ಣು ಕಿರಿದು ಮಾಡಿ ಗಾಡಿಯನ್ನು ಮುಂದಿನ ಚಕ್ರದಿಂದ ಹಿಂದಿನ ದೀಪದವರೆಗೆ ನಿಧಾನವಾಗಿ ನೋಡಿ, "ಈಗ ಹೇಳಿ, ಚೆಂದ ಇದ್ಯಾ?" ಎಂದು ಕೊಂಡವರನ್ನೇ ಕೇಳುವರು. ಕೊಂಡವರು ತಬ್ಬಿಬ್ಬಾಗುತ್ತಿದ್ದರು. ಸಾಗರದ ಪೇಟೆಯಲ್ಲಿ ಇದನ್ನು ಅವರ ಹುಚ್ಚು ಎಂದು ನಗುತ್ತಿದ್ದರು. ಮೊದಮೊದಲು ನಾನೂ ನಕ್ಕಿದ್ದೇನೆ.

ಅವರ ಪೂರ್ತಿ ಹೆಸರು ಸೆಬಾಸ್ಟಿಯನ್. ಹೊಸನಗರದ ಕಡೆಯ ಕೊಂಕಣಿ ಕ್ರೈಸ್ತರ ಮನೆತನ. ಬಹಳ ವರ್ಷ ಇಟಲಿಯಲ್ಲಿದ್ದು, ಐವತ್ತರ ಹತ್ತಿರ ಊರಿಗೆ ಮರಳಿ, ಸಾಗರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ದ್ವಿಚಕ್ರ ವಾಹನ ಕಲಿಸುವ ಕೆಲಸ ಹಿಡಿದಿದ್ದರು. ಮದುವೆಯಾಗಿರಲಿಲ್ಲ. ನನಗೆ ಆಗಷ್ಟೇ ಹಿನ್ನೀರಿನ ಅಂಚಿನ ಒಂದು ಶಾಲೆಗೆ ವರ್ಗವಾಗಿತ್ತು. ಬಸ್ಸು ನಂಬಿದರೆ ಪ್ರಾರ್ಥನೆಯ ಹೊತ್ತಿಗೆ ಮುಟ್ಟುವಂತಿರಲಿಲ್ಲ. ಹೀಗೆ ನಲವತ್ತು ದಾಟಿದ ಮೇಲೆ ನಾನು ಅವರ ಶಿಷ್ಯೆಯಾದೆ.

ಬೇಸಿಗೆಯ ಭಾನುವಾರಗಳಲ್ಲಿ ನಮ್ಮಂಥ ಮೂರ್ನಾಲ್ಕು ಹೆಂಗಸರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಅವರು ಲಿಂಗನಮಕ್ಕಿ ಹಿನ್ನೀರಿನ ಬಯಲಿಗೆ ಕರೆದೊಯ್ಯುತ್ತಿದ್ದರು. ನೀರು ಇಳಿದಾಗ ಅಲ್ಲಿ ಮುಳುಗಡೆಗೂ ಹಿಂದಿನ ರಸ್ತೆಯ ತುಂಡೊಂದು ಮೇಲೆ ಬರುತ್ತದೆ. ಎರಡೂ ಬದಿಗೆ ಬೂದುಬಣ್ಣದ ಮರದ ಬೊಡ್ಡೆಗಳು, ಬಿರಿದ ಮಣ್ಣು, ದೂರದಲ್ಲಿ ಕನ್ನಡಿಯಂತೆ ಮಲಗಿದ ನೀರು. ಊರೇ ಇಲ್ಲದ ಊರಿನ ರಸ್ತೆಯಲ್ಲಿ ನಾವು ಗೇರು ಬದಲಿಸಲು ಕಲಿತೆವು. ಎದುರಿಗೆ ಯಾರೂ ಬರುವಂತಿರಲಿಲ್ಲ. ಬಿದ್ದರೂ ನೋಡುವವರು ಕೊಕ್ಕರೆಗಳು ಮಾತ್ರ.

"ಹೆದರ್ಕೋಬೇಡಿ ಟೀಚರ್. ಗಾಡಿಗೆ ನಿಮ್ಮನ್ನ ಬೀಳಿಸೂಕೆ ಮನಸ್ಸಿಲ್ಲ. ನೀವೇ ಅದನ್ನ ಬೀಳಿಸ್ತಿದೀರಿ" ಎನ್ನುತ್ತಿದ್ದರು. ಅವರು ಬೈದದ್ದನ್ನು ನಾನು ಕೇಳಿಲ್ಲ. ಬಿದ್ದವರನ್ನು ಎಬ್ಬಿಸಿ, ಗಾಡಿಯ ಕನ್ನಡಿಯನ್ನು ತಮ್ಮ ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಕೂರಿಸುತ್ತಿದ್ದರು.

ದಣಿದು ಬೊಡ್ಡೆಯೊಂದರ ಮೇಲೆ ಕೂತಾಗ ಅವರ ಇಟಲಿ ಒಂದಿಷ್ಟೊಂದಿಷ್ಟೇ ಹೊರಗೆ ಬರುತ್ತಿತ್ತು. ಉತ್ತರದ ಬಯಲು ಸೀಮೆಯ ಸಣ್ಣ ಊರು. ಚಳಿಗಾಲದಲ್ಲಿ ಅಲ್ಲಿ ಮಂಜು ಬಿದ್ದರೆ ಹೊಲ, ಚರ್ಚು, ರಸ್ತೆ ಎಲ್ಲವೂ ಅಳಿಸಿಹೋಗುತ್ತಿದ್ದವಂತೆ. "ಥೇಟ್ ನಮ್ಮ ಹುಲಿಕಲ್ ಘಾಟಿ. ಕಣ್ಣು ಮುಚ್ಚಿದ್ರೆ ಎಲ್ಲಿದೀನಿ ಅಂತ ಗೊತ್ತಾಗ್ತಿರ್ಲಿಲ್ಲ. ತೆರೆದ್ರೂ ಗೊತ್ತಾಗ್ತಿರ್ಲಿಲ್ಲ." ಅವರು ಹೋದದ್ದು ಒಬ್ಬ ಮುದುಕರನ್ನು ನೋಡಿಕೊಳ್ಳಲು. ಮುದುಕರು ತೀರಿಕೊಂಡಾಗ ಅವರ ಮಗ ಮಾರ್ಕೊ, ಬೈಕ್ ಅಂಗಡಿಯವನು, ಬಸ್ತ್ಯಣ್ಣನನ್ನು ಅಂಗಡಿಗೆ ಸೇರಿಸಿಕೊಂಡ. ಆ ವರ್ಷವೇ ಮಾರ್ಕೊ ಚೀನಾದ ಅಗ್ಗದ ಬೈಕುಗಳ ಏಜೆನ್ಸಿ ಹಿಡಿದಿದ್ದ.

"ಗಾಡಿ ಕೆಟ್ಟದಲ್ಲ ಮಾರಾಯ್ರೆ. ಬೇರೆಯವರ ಗಾಡಿಯ ಅರ್ಧ ರೇಟು. ಜನ ಬರೋರು, ಮೇಲೆ ಕೂತ್ಕೊಳ್ಳೋರು, ಹ್ಯಾಂಡ್ಲು ಹಿಡಿದು ಚೆಂದ ಇದೆ ಅನ್ನೋರು. ಆಮೇಲೆ ಟ್ಯಾಂಕಿನ ಮೇಲಿನ ಹೆಸ್ರು ಓದೋರು. ಮುಖ ಸಣ್ಣ ಆಗ್ತಿತ್ತು. ಎದ್ದು ಹೋಗಿ ಪಕ್ಕದ ಅಂಗಡೀಲಿ ಜಪಾನಿನ ಸೆಕೆಂಡ್ ಹ್ಯಾಂಡ್ ತಗೊಳ್ಳೋರು."

ಯಾರ ಮೇಲೂ ಅವರಿಗೆ ಸಿಟ್ಟಿರಲಿಲ್ಲ. ನಾಲ್ಕು ವರ್ಷದ ಮೇಲೆ ಈ ಕಂಪನಿ ಇರುತ್ತದೆಯೇ, ಮಾರಹೋದರೆ ಕೊಳ್ಳುವವರುಂಟೇ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಜನ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆಗಳೇ. ಚೀನಾದ ಕೆಲವು ಕಂಪನಿಗಳು ಇಟಲಿಯದೇ ಮುಳುಗಿಹೋದ ಹಳೆಯ ಕಂಪನಿಯ ಹೆಸರು ಕೊಂಡು ತಮ್ಮ ಗಾಡಿಗೆ ಅಂಟಿಸಿದವಂತೆ. ಅವು ಮಾರಾಟವಾದವು. ಇವರದಕ್ಕೆ ಅಂಥ ಹೆಸರಿರಲಿಲ್ಲ. "ನಂಗೂ ಇರ್ಲಿಲ್ಲ. ಅಲ್ಲಿ ನಾನು ಯಾರು? ಅದಕ್ಕೇ ಇರ್ಬೇಕು, ಆ ಗಾಡಿ ಮೇಲೆ ಪ್ರೀತಿ ಬಂತು" ಎಂದು ಬಸ್ತ್ಯಣ್ಣ ನೀರಿನ ಕಡೆ ನೋಡುತ್ತಾ ಹೇಳಿದ್ದು ನನಗೆ ನೆನಪಿದೆ.

ರೊಸಾನ್ನ ಎಂಬ ಹೆಂಗಸು ಆ ಊರಿನ ಬ್ರೆಡ್ ಅಂಗಡಿಯವಳು. ಹೊಲಗಳ ನಡುವಿನ ಮನೆಗಳಿಗೆ ಬೆಳಗ್ಗೆ ಬ್ರೆಡ್ ಮುಟ್ಟಿಸಲು ಅವಳಿಗೆ ಒಂದು ಗಾಡಿ ಬೇಕಿತ್ತು. ಎಲ್ಲವನ್ನೂ ನೋಡಿ, ಕೊನೆಗೆ ಬಸ್ತ್ಯಣ್ಣನ ಮುಖ ನೋಡಿ ಕೇಳಿದಳಂತೆ: "ಕಂಪನಿ ಇರಲಿ ಬಿಡಲಿ. ನೀನಿರ್ತೀಯಾ?"

"ಇರ್ತೀನಿ ಅಂದುಬಿಟ್ಟೆ ಟೀಚರ್. ಮಾರ್ಕೊ ಕಲಿಸಿಕೊಟ್ಟ ಮಾತಲ್ಲ ಅದು. ಬಾಯಿಗೆ ಬಂತು."

ಆ ಮಾತು ಊರಲ್ಲಿ ಹರಡಿತು. ಶಾಲೆಯ ಜವಾನ, ದ್ರಾಕ್ಷಿ ತೋಟದ ಆಳು, ಚರ್ಚಿನ ಗಂಟೆ ಹೊಡೆಯುವವನು ಒಬ್ಬೊಬ್ಬರಾಗಿ ಬಂದು ಬಸ್ತ್ಯಣ್ಣನಿಂದಲೇ ಗಾಡಿ ಕೊಂಡರು. ಅವರೂ ಒಂದು ಕೊಂಡರು, ಕೆಂಪು ಬಣ್ಣದ್ದು. ರಜೆಯ ದಿನ ಅದರ ಮೇಲೆ ಆಲ್ಪ್ಸ್ ಪರ್ವತ ಕಾಣುವವರೆಗೆ ಹೋಗಿ, ಕಂಡ ತಕ್ಷಣ ತಿರುಗಿ ಬರುತ್ತಿದ್ದರಂತೆ.

ಆಮೇಲೆ ಅಲ್ಲಿ ಗಾಡಿಗಳ ಹೊಗೆಯ ಕಾನೂನು ಬದಲಾಯಿತು. ಅಂಗಡಿಯಲ್ಲಿ ಉಳಿದಿದ್ದ ಹಳೆಯ ಮಾದರಿಯ ಗಾಡಿಗಳನ್ನು ನೋಂದಾಯಿಸಲು ಆಗಲಿಲ್ಲ. ಚೀನಾದಿಂದ ಗಾಡಿ ತರಿಸಿಕೊಡುತ್ತಿದ್ದ ವ್ಯಾಪಾರಿ ಕೈಚೆಲ್ಲಿದ. ಬಿಡಿಭಾಗ ಬೇಕೆಂದು ಫೋನ್ ಮಾಡಿದರೆ ಆ ತುದಿಯಲ್ಲಿ ಎತ್ತುವವರಿಲ್ಲ. ಅಂಥ ಚಳಿಗಾಲದ ಒಂದು ಬೆಳಗ್ಗೆ ರೊಸಾನ್ನಳ ಗಾಡಿಯ ಕ್ಲಚ್ ಪ್ಲೇಟ್ ಸವೆದು, ಅವಳು ಬ್ರೆಡ್ಡಿನ ಪೆಟ್ಟಿಗೆಯ ಸಮೇತ ಗಾಡಿಯನ್ನು ಮಂಜಿನಲ್ಲಿ ತಳ್ಳಿಕೊಂಡು ಅಂಗಡಿಗೆ ಬಂದಳು. ಬೈಯಲಿಲ್ಲ.

ಬಸ್ತ್ಯಣ್ಣ ಹಿತ್ತಲಿಗೆ ಹೋಗಿ ತಮ್ಮ ಕೆಂಪು ಗಾಡಿಯಿಂದ ಕ್ಲಚ್ ಪ್ಲೇಟ್ ಬಿಚ್ಚಿಸಿ ಅವಳದಕ್ಕೆ ಹಾಕಿಸಿದರು. ಆಮೇಲೆ ಜವಾನನಿಗೆ ಕಾರ್ಬೊರೇಟರ್ ಹೋಯಿತು. ತೋಟದ ಆಳಿಗೆ ಚೈನು, ಗಂಟೆಯವನಿಗೆ ಮುಂದಿನ ಚಕ್ರ. ಮಾರ್ಕೊ ತಲೆ ಚಚ್ಚಿಕೊಂಡ. "ನಿನ್ನ ಗಾಡಿಯನ್ನು ಊರು ತಿನ್ನುತ್ತಿದೆ ಕಣೋ" ಎಂದನಂತೆ. ಕೊನೆಗೆ ಹಿತ್ತಲಲ್ಲಿ ಉಳಿದದ್ದು ಬರೀ ಚಾಸಿಸ್. ಬಸ್ತ್ಯಣ್ಣ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗತೊಡಗಿದರು.

"ಬೇಜಾರಾಗಲಿಲ್ವಾ?" ನಾನು ಕೇಳಿದೆ.

"ಬೇಜಾರೆಂತದು! ದಾರೀಲಿ ಹೋಗುವಾಗ ಒಂದು ಗಾಡಿ ಎದುರಿಗೆ ಬರ್ತಿತ್ತು. ಅದರ ಚಕ್ರ ನಂದು. ಇನ್ನೊಂದು ಬರ್ತಿತ್ತು, ಅದರ ದೀಪ ನಂದು. ಮಂಜಿನಾಚೆ ಎಲ್ಲೋ ನನ್ನ ಗಾಡಿ ಓಡ್ತಾ ಇದೆ ಅನ್ಸ್ತಿತ್ತು."

ಹಾಗಿದ್ದೂ ಅಂಗಡಿ ಉಳಿಯಲಿಲ್ಲ. ಮಾರ್ಕೊ ಬಾಗಿಲು ಹಾಕಿದ. ಕೆಲಸವಿಲ್ಲದವರಿಗೆ ಅಲ್ಲಿರುವ ಪರವಾನಗಿಯೂ ಮುಗಿಯುತ್ತದೆ. ರೊಸಾನ್ನಳಿಗೆ ಹೇಳಿ ಬರಲು ಹೋದಾಗ ಅವಳು ಬ್ರೆಡ್ ಕೊಡಲು ಹೊರಗೆ ಹೋಗಿದ್ದಳಂತೆ. ಕಾಯಲು ಅವರಿಗೆ ಧೈರ್ಯ ಬರಲಿಲ್ಲ. ಇದನ್ನು ಹೇಳಿದ ದಿನ ಬಸ್ತ್ಯಣ್ಣ ನಮಗೆ ಪಾಠ ಮಾಡಲಿಲ್ಲ. ಸಂಜೆಯವರೆಗೂ ನಾವು ನಾವೇ ಸುತ್ತು ಹಾಕಿದೆವು.

ನಾನು ಲೈಸೆನ್ಸ್ ತೆಗೆದುಕೊಂಡ ವರ್ಷ ಸಾಗರದಲ್ಲಿ ಸುಧೀಂದ್ರ ಎಂಬವರು ಎಲೆಕ್ಟ್ರಿಕ್ ಸ್ಕೂಟರುಗಳ ಶೋರೂಮ್ ತೆರೆಯಲು ಹೊರಟರು. ಯಾರೂ ಕೇಳಿರದ ಕಂಪನಿ, ಅಗ್ಗದ ಗಾಡಿ. ಫಾರಿನ್ನಲ್ಲಿ ಗಾಡಿ ಮಾರಿದವರೆಂದು ಬಸ್ತ್ಯಣ್ಣನನ್ನು ಮ್ಯಾನೇಜರ್ ಆಗಲು ಕರೆದರು. ಕಟ್ಟಡ ತೋರಿಸಲು ಕರೆದೊಯ್ದಾಗ ನಾನೂ ಜೊತೆಗಿದ್ದೆ. ಮುಂದೆಲ್ಲ ಗಾಜು. ಬಸ್ತ್ಯಣ್ಣ ಅದನ್ನು ದಾಟಿ ಸೀದಾ ಹಿಂದಿನ ಕೋಣೆಗೆ ಹೋದರು. ಅಲ್ಲಿ ಸೋಫಾ ಮತ್ತು ಎ.ಸಿ. ಇತ್ತು.

"ಸ್ಪೇರ್ಸ್ ಎಲ್ಲಿಡ್ತೀರಿ?"

"ಬೇಕಾದಾಗ ತರ್ಸೋದಪ್ಪ" ಎಂದರು ಸುಧೀಂದ್ರ. "ಜನ ಗಾಜು ನೋಡಿ ಬರ್ತಾರೆ ಬಸ್ತ್ಯಣ್ಣ, ಗೋಡೌನ್ ನೋಡಿ ಬರ್ತಾರಾ?"

"ಬರೂದಿಲ್ಲ. ಗಾಜು ನೋಡಿ ಬಂದವ್ರು ಗಾಡಿ ನಿಂತ ದಿನ ನನ್ನ ಮುಖ ನೋಡೂಕೆ ಬರ್ತಾರೆ. ನಂಗೆ ಆಗೂದಿಲ್ಲ." ಇಷ್ಟು ಹೇಳಿ ಕೈಮುಗಿದು ಹೊರಟುಬಂದರು. ಡ್ರೈವಿಂಗ್ ಸ್ಕೂಲಿನ ದುಪ್ಪಟ್ಟು ಸಂಬಳದ ಕೆಲಸ ಅದು.

ಸುಧೀಂದ್ರ ಕೆಟ್ಟವರಲ್ಲ. ಮಳೆಗಾಲ ಕಳೆದ ಮೇಲೆ ತಾವೇ ಬಸ್ತ್ಯಣ್ಣನ ಮನೆಗೆ ಬಂದರು. "ಬನ್ನಿ, ಸೋಫಾ ತೆಗ್ಸಿದೀನಿ" ಎಂದಷ್ಟೇ ಅಂದರು. ಆ ಕೋಣೆ ಮಾಡಿನವರೆಗೆ ಬಿಡಿಭಾಗಗಳಿಂದ ತುಂಬಿದ ಮೇಲೆಯೇ ಮೊದಲ ಸ್ಕೂಟರ್ ಮಾರಾಟವಾದದ್ದು. ತೀರ್ಥಹಳ್ಳಿಯಿಂದಲೂ ಜನ ಬರತೊಡಗಿದರು. ಆ ದಿನಗಳಲ್ಲಿ ಬಸ್ತ್ಯಣ್ಣ ಸಣ್ಣ ದನಿಯಲ್ಲಿ ಕೊಂಕಣಿ ಹಾಡು ಗುನುಗುವುದನ್ನು ನಾನು ಮೊದಲ ಸಲ ಕೇಳಿದೆ.

ಆಮೇಲೊಂದು ದಿನ ಮಾರ್ಕೊನ ಫೋನ್ ಬಂತು. ಆ ಚೀನಾ ಕಂಪನಿಯವರು ಯುರೋಪಿನಲ್ಲೇ ಈಗ ಸ್ವಂತ ಆಫೀಸು, ದೊಡ್ಡ ಗೋಡೌನು ಮಾಡಿದ್ದಾರೆ, ವಾರಂಟಿ ಹೆಚ್ಚಿಸಿದ್ದಾರೆ, ಅಂಗಡಿ ಮತ್ತೆ ತೆರೆಯುತ್ತಿದ್ದೇನೆ, ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ ಬಾ ಎಂದ. ಬಸ್ತ್ಯಣ್ಣ ಆಗುವುದಿಲ್ಲ ಎಂದರು. ಆಗ ಮಾರ್ಕೊ ಫೋನನ್ನು ಪಕ್ಕದಲ್ಲಿದ್ದವರ ಕೈಗೆ ಕೊಟ್ಟ.

"ರೊಸಾನ್ನ ಏನಂದ್ಲು?" ಎಂದು ಕೇಳಿದೆ.

"ಗಾಡಿ ಓಡ್ತಿದೆ ಅಂದ್ಲು." ಮತ್ತೆ, "ಊಟ ಆಯ್ತಾ ಅಂತ ಕೇಳಿದ್ಲು ಟೀಚರ್. ಅಲ್ಲಿಯವ್ರು ಹಾಗೆಲ್ಲ ಕೇಳೂದಿಲ್ಲ" ಎಂದರು.

ಶೋರೂಮಿನ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿಕೊಟ್ಟು, ಮಂಜು ಕವಿದ ಒಂದು ಬೆಳಗ್ಗೆ ಅವರು ಇಟಲಿಗೆ ಹೊರಟರು. ಸಾಗರದ ಸ್ಟೇಷನ್ನಿಗೆ ಅವರನ್ನು ಬೈಕಿನಲ್ಲಿ ಕರೆದೊಯ್ದವಳು ನಾನೇ. ರೈಲು ಬಂದು ನಿಂತಿತು. ಅವರು ಬಾಗಿಲಲ್ಲಿ ನಿಂತು, "ಹೋಗ್ತೀನಿ ಟೀಚರ್" ಎಂದರು.

ಪಕ್ಕದಲ್ಲಿ ಬುಟ್ಟಿ ಹಿಡಿದು ಹತ್ತುತ್ತಿದ್ದ ಅಜ್ಜಿಯೊಬ್ಬಳು ತಡೆಯಲಾರದೆ ಗದರಿದಳು: "ಹೋಗ್ತೀನಿ ಅಂತಾರನಾ? ಹೋಗಿ ಬರ್ತೀನಿ ಅನ್ಬೇಕು."

ಬಸ್ತ್ಯಣ್ಣ ನಕ್ಕರು. ಅಜ್ಜಿಯ ಬುಟ್ಟಿಯನ್ನು ಮೇಲಕ್ಕೆತ್ತಿಕೊಟ್ಟು, ನನ್ನನ್ನು ನೋಡಿ, "ಖಾತ್ರಿ ಇಲ್ದೆ ಹೆಂಗೆ ಹೇಳೂದು ಅಜ್ಜಿ" ಎಂದರು. ರೈಲು ಹೊರಟಿತು. ಅಜ್ಜಿ ಒಳಗೆ ಕೂತ ಮೇಲೂ ಅವರಿಗೆ ಏನೋ ಬುದ್ಧಿ ಹೇಳುತ್ತಿದ್ದುದು ಕಿಟಕಿಯಲ್ಲಿ ಕಂಡಿತು.