ಕಹಿ ಬಂತಾ ಎಂದು ಕೇಳುವವರು

ಬೆಳಗಿನ ಐದೂವರೆ. ಸಮುದ್ರದ ಕಡೆಯಿಂದ ಗಾಳಿ ಎದ್ದಿದೆ, ಯೋಮ್ ಮಾಲ್ಸುನ್ ಅವರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ತೋಲ್ಮೇ ಗುಡ್ಡದ ಹಳೆಯ ಕಲ್ನಾರು ಗಣಿಯ ಗೇಟಿನ ಪಕ್ಕ, ತಗಡಿನ ತೊಳೆಮನೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದಾರೆ. ನಲ್ಲಿ ತಿರುಗಿಸಿ ನೀರು ಬರುತ್ತಿದೆಯೇ ನೋಡುತ್ತಾರೆ. ಗೂಟಗಳಿಗೆ ನೇತುಹಾಕಿದ, ದೂಳು ತಡೆಯುವ ಮೂವತ್ತೊಂದು ಮುಖವಾಡಗಳ ರಬ್ಬರ್ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಬಾಗಿಲಿಗೆ ಬಂದು, ಮಣ್ಣಿನ ರಾಶಿಯ ಮೇಲೆ ಟಾರ್ಪಾಲು ಪಟಪಟ ಹೊಡೆದುಕೊಳ್ಳುವುದನ್ನು ಕಂಡು ಮತ್ತೆ ಒಳಗೆ ಹೋಗುತ್ತಾರೆ.

ಗಣಿ ಮುಚ್ಚಿ ಮೂವತ್ತು ವರ್ಷ ದಾಟಿದೆ. ಅದು ಉಗುಳಿಹೋದ, ಆಸ್ಬೆಸ್ಟಾಸ್ ನಾರು ಬೆರೆತ ಮಣ್ಣು ಮಾತ್ರ ಊರಿನ ಮೂಗಿನೆದುರೇ ಬಿದ್ದಿತ್ತು. ಈಗ ಅದನ್ನು ತೋಡಿ, ಚೀಲಕ್ಕೆ ತುಂಬಿ, ದೂರ ಒಯ್ದು ಹೂಳುವ ಕೆಲಸ ನಡೆದಿದೆ. ತೋಡುವವರ ಫೋಟೊ ಪತ್ರಿಕೆಯಲ್ಲಿ ಒಮ್ಮೆ ಬಂತು. ಉದ್ಘಾಟನೆಗೆ ಟೇಪು ಕತ್ತರಿಸಿದವರದ್ದು ಇನ್ನೂ ಬರುತ್ತಲೇ ಇದೆ. ಒಳಗೆ ಹೋಗುವವರ ಮುಖವಾಡ ಸರಿಯಾಗಿ ಕೂತಿದೆಯೇ ಎಂದು ನೋಡುವ, ಹೊರಗೆ ಬಂದವರನ್ನು ತೊಳೆಸಿ ಮನೆಗೆ ಕಳಿಸುವ ಈ ಅರವತ್ಮೂರರ ಹೆಂಗಸಿನ ಕಡೆ ಯಾವ ಕ್ಯಾಮೆರಾವೂ ತಿರುಗಿಲ್ಲ.

ಆರು ಗಂಟೆಗೆ ಸಾಲು ನಿಲ್ಲುತ್ತದೆ. ದಿನಕ್ಕೆ ಒಬ್ಬೊಬ್ಬರೂ ನಾಲ್ಕು ಸಲ ಒಳಗೆ, ನಾಲ್ಕು ಸಲ ಹೊರಗೆ. ಅಂದರೆ ಒಳಗೆ ಕಳಿಸುವಾಗಲೇ ಅವರ ಎರಡು ಕೈಗಳ ನಡುವೆ ನೂರ ಇಪ್ಪತ್ನಾಲ್ಕು ಸಲ ಒಂದೊಂದು ಮುಖ. ಹೊರಬರುವಾಗ ಬಟ್ಟೆಯ ಮೇಲೇ ನೀರು, ಆಮೇಲೆ ಬಟ್ಟೆ ಕಳಚುವುದು. ಮುಖವಾಡ ಎಲ್ಲಕ್ಕಿಂತ ಕೊನೆಗೆ, ನೀರಿನ ಕೆಳಗೆ.

"ನನ್ನ ಹೆಂಡ್ತಿನೂ ನನ್ನ ಮುಖ ಇಷ್ಟು ಹೊತ್ತು ನೋಡಿಲ್ಲ ಚಿಕ್ಕಮ್ಮ."

"ಅವಳಿಗೆ ಬೇರೆ ಕೆಲಸ ಇದೆ. ಬಾಯಿ ಮುಚ್ಕೊಂಡು ಉಸಿರೆಳಿ. ಬೇಗ."

"ಅಷ್ಟು ಅವಸರ ಇದ್ರೆ ನಿನ್ನೆ ದಿನಾನೇ ಕರೀಬೇಕಿತ್ತು," ಎನ್ನುತ್ತಾನೆ ಹಿಂದಿನವನು. ಈ ಚುಂಗ್ಚೋಂಗ್ ಸೀಮೆಯ ಜನ ಸತ್ತರೂ ನಿಧಾನ ಬಿಡುವುದಿಲ್ಲ.

ಚಿಕ್ಕಮ್ಮ ಎನ್ನುವುದು ಹೋಟೆಲಿನ ಕಾಲದ ಹೆಸರು. ಇಪ್ಪತ್ತೆರಡು ವರ್ಷ ಅವರು ಕೂಡುರಸ್ತೆಯಲ್ಲಿ ಹಂದಿಮಾಂಸ ಸುಡುತ್ತಿದ್ದರು. ಹಳೆಯ ಕಲ್ನಾರು ಶೀಟಿನ ಮಾಡು ಒಡೆಯುವ ಕೂಲಿಗಳೆಲ್ಲ ಅಲ್ಲಿಗೇ ಬರುತ್ತಿದ್ದರು. ಹಂದಿಯ ಕೊಬ್ಬು ಗಂಟಲಿನ ದೂಳನ್ನು ಕೆಳಗೆ ಇಳಿಸುತ್ತದೆ ಎಂದು ಈ ದೇಶದ ಕೂಲಿಗಳೆಲ್ಲ ನಂಬಿದ್ದಾರೆ. ಮಾಲ್ಸುನ್ ಅದನ್ನೇ ಹೋಟೆಲಿನ ಗೋಡೆಗೆ ಕೆಂಪು ಬಣ್ಣದಲ್ಲಿ ಬರೆಸಿದ್ದರು: ದೂಳು ಕುಡಿದವನಿಗೆ ಹಂದಿ ಕೊಬ್ಬೇ ಸೋಪು.

"ದೂಳು ಬಾಗಿಲಲ್ಲೇ ಬಿಡ್ರಪ್ಪ ಅಂತ ಅವರ ಅಂಗಿ ಇಸ್ಕೊಂಡು ನಾನೇ ಕೊಡವಿ ನೇತುಹಾಕ್ತಿದ್ದೆ," ಎನ್ನುತ್ತಾರೆ. ನಾಲ್ಕು ವರ್ಷದ ಹಿಂದೆ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಪೊರೆ ಅಲ್ಲಲ್ಲಿ ಗಟ್ಟಿಯಾಗಿರುವುದು ಕಂಡಿತು. "ಗಣೀಲಿ ಎಷ್ಟು ವರ್ಷ ಇದ್ರಿ ಅಂದ್ರು ಡಾಕ್ಟ್ರು. ಒಂದಿನಾನೂ ಇಲ್ಲ, ಮಾಂಸ ಸುಡ್ತಿದ್ದೆ ಅಂದೆ. ತಿಂದಿದ್ದು ಹೊಟ್ಟೆಗೆ ಹೋಗುತ್ತೆ, ದೂಳು ಹೋಗೋ ದಾರಿನೇ ಬೇರೆ. ಇಪ್ಪತ್ತೆರಡು ವರ್ಷ ನನಗಿದು ಹೊಳೀಲಿಲ್ಲ ನೋಡಿ. ಹೊಳೀದೇ ಇದ್ದಿದ್ರಿಂದ ವ್ಯಾಪಾರ ಚೆನ್ನಾಗಾಯ್ತು."

ಹೊಳೆಯಬೇಕಾದವರಿಗೆ ಹೊಳೆದಿತ್ತು. ಮಾಡು ಒಡೆಸುತ್ತಿದ್ದ ಗುತ್ತಿಗೆದಾರರು ಕೂಲಿಗಳಿಗೆ ಮುಖವಾಡ ಕೊಡಿಸಲಿಲ್ಲ, ತಿಂಗಳಿಗೊಮ್ಮೆ ಹಂದಿಮಾಂಸದ ಊಟ ಕೊಡಿಸಿದರು. ಇದೇ ಮಾಲ್ಸುನ್ ಅವರ ಹೋಟೆಲಿನಲ್ಲಿ. ಆಕೆ ಹೋಟೆಲ್ ಮುಚ್ಚಿ, ತರಬೇತಿ ಪಡೆದು, ಈ ತಗಡಿನ ಬಾಗಿಲಿಗೆ ಬಂದು ನಿಂತಿದ್ದಾರೆ.

ಇವತ್ತು ಕಹಿ ಪರೀಕ್ಷೆಯ ಸರದಿ ಪ್ಯೋ ಗೀಚೋಲ್ ಅವರದ್ದು. ಐವತ್ತೆಂಟು ವರ್ಷ, ಹೋಟೆಲಿನ ಹಳೆಯ ಗಿರಾಕಿ. ತೋಡುವಾಗ ಮಣ್ಣಿಗೆ ನೀರು ಹೊಡೆಯುವವರು ಅವರೇ. ಹೋದ ವಾರ ಮೂರು ದವಡೆ ಹಲ್ಲು ಕೀಳಿಸಿದ್ದಾರೆ, ಕೆನ್ನೆ ಗುಳಿಬಿದ್ದಿದೆ. ಮುಖವಾಡ ಹಾಕಿಸಿ, ತಲೆಗೆ ಪ್ಲಾಸ್ಟಿಕ್ ಮುಸುಕು ಇಳಿಸಿ, ಅದರೊಳಗೆ ಮಾಲ್ಸುನ್ ಕಹಿ ನೀರು ಸಿಂಪಡಿಸುತ್ತಾರೆ. ನಾಲಿಗೆಗೆ ಕಹಿ ತಗುಲಿದರೆ ಎಲ್ಲೋ ಸಂದು ಇದೆ. ಕಹಿ ನುಗ್ಗುವ ಸಂದಿನಲ್ಲಿ ನಾರೂ ನುಗ್ಗುತ್ತದೆ.

"ಕಹಿ ಬಂತಾ?"

"ಇಲ್ಲ ಅಕ್ಕ."

"ಕಣ್ಯಾಕೆ ಕಿರಿದಾಯ್ತು?"

"ನಿನ್ನ ನೋಡಿ."

"ಇನ್ನೊಂದ್ಸಲ ಹೊಡೀಲಾ?"

ಪ್ಯೋ ಬೇಡವೆಂದು ಕೈ ಎತ್ತುತ್ತಾರೆ. "ಒಂಚೂರು. ಮಾತ್ರೆ ನಾಲಿಗೆಗೆ ತಾಕಿದಷ್ಟು."

"ಪಕ್ಕಕ್ಕೆ ನಿಂತ್ಕೋ."

"ನನ್ನೊಬ್ಬನ್ನ ನಿಲ್ಸಿದ್ರೆ ಎಲ್ಲಾ ನಿಲ್ಲುತ್ತೆ ಅಕ್ಕ. ಮಾಂಸ ತಿನ್ನು, ಏನೂ ಆಗಲ್ಲ ಅಂತ ಇಷ್ಟು ವರ್ಷ ಹೇಳಿದೋಳು ನೀನೇ ಅಲ್ವಾ?"

ಮಾಲ್ಸುನ್ ಮುಸುಕನ್ನು ಮಡಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಿಸುತ್ತಾರೆ.

"ಹೌದು, ನಾನೇ ಹೇಳಿದ್ದು. ಅದಕ್ಕೇ ಬಿಡ್ತಿಲ್ಲ."

ಅಷ್ಟರಲ್ಲಿ ಮ್ಯಾನೇಜರ್ ಬಾಂಗ್ ಬರುತ್ತಾರೆ. ಗಾಳಿ ಜೋರಾಗುವ ಮೊದಲು ಇವತ್ತಿನ ಗುಂಡಿ ಮುಗಿಯಬೇಕು. ನೀರು ಹೊಡೆಯದೆ ತೋಡಿದರೆ ನಾರು ಎದ್ದು ಊರಿಗೆ ಹೋಗುತ್ತದೆ. ಪಂಪು ಹಿಡಿದು ಪಳಗಿದವರು ಪ್ಯೋ ಬಿಟ್ಟರೆ ಬೇರೊಬ್ಬರಿಲ್ಲ. "ಹಲ್ಲು ಕಿತ್ತಿದ್ದಕ್ಕೆ ಯಂತ್ರ ನಿಲ್ಸೋಕಾಗುತ್ತೇನಮ್ಮಾ? ಅಂಚಿಗೆ ಟೇಪ್ ಸುತ್ತಿ ಕಳಿಸಿ."

ಗೋಡೆಯ ಮೇಲೆ 'ಸುರಕ್ಷತೆಯೇ ಮೊದಲು' ಎಂದು ಬರೆದಿದೆ. ಬರೆಸಿದವರು ಆ ಗುಂಡಿಗೆ ಒಂದು ದಿನವೂ ಇಳಿದವರಲ್ಲ.

ಮಾಲ್ಸುನ್ ಬೀರುವಿನ ಬೀಗ ತೆಗೆಯುತ್ತಾರೆ. ಒಳಗಿನಿಂದ ಭುಜದವರೆಗೆ ಇಳಿಯುವ ದೊಡ್ಡ ಟೋಪಿ ಹೊರಬರುತ್ತದೆ. ಸೊಂಟಕ್ಕೆ ಕಟ್ಟುವ ಮೋಟಾರು ಸೋಸಿದ ಗಾಳಿಯನ್ನು ಅದರೊಳಗೆ ಊದುತ್ತಲೇ ಇರುತ್ತದೆ. ಹಲ್ಲಿರಲಿ, ಗಡ್ಡವಿರಲಿ, ಕೆನ್ನೆ ಗುಳಿಬಿದ್ದಿರಲಿ, ಯಾವ ಮುಖಕ್ಕೂ ಆಗುತ್ತದೆ. ಇಡೀ ಗಣಿಗೆ ಇಂಥದ್ದು ಇರುವುದು ಒಂದೇ. ಅದರ ಮೇಲೆ 'ಅತಿಥಿಗಳಿಗೆ' ಎಂಬ ಚೀಟಿ ಅಂಟಿಸಿದೆ. ವರ್ಷದಲ್ಲಿ ಎರಡು ಸಲ, ಇಪ್ಪತ್ತು ಇಪ್ಪತ್ತು ನಿಮಿಷ ಅದು ಅತಿಥಿಗಳ ತಲೆ ಕಂಡಿದೆ. ಉಳಿದ ದಿನವೆಲ್ಲ ಅದನ್ನು ಒರೆಸಿ, ಬ್ಯಾಟರಿಗೆ ಜೀವ ತುಂಬಿಟ್ಟವರು ಮಾಲ್ಸುನ್.

ಚೀಟಿಯನ್ನು ಉಗುರಿನಿಂದ ಕಿತ್ತು, ಟೋಪಿಯನ್ನು ಪ್ಯೋ ತಲೆಗೆ ಇಳಿಸುತ್ತಾರೆ. ಮೋಟಾರು ಗುಂಯ್ ಎನ್ನುತ್ತದೆ.

"ತಂಪಾಗಿದೆ ಅಕ್ಕ," ಎನ್ನುತ್ತಾರೆ ಪ್ಯೋ ಒಳಗಿನಿಂದ. "ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನ?"

"ಇಂಥವು ಇನ್ನೂ ನಾಲ್ಕು ಬೇಕು," ಎನ್ನುತ್ತಾರೆ ಮಾಲ್ಸುನ್, ಮ್ಯಾನೇಜರರ ಕಡೆ ತಿರುಗದೆಯೇ. "ಹಲ್ಲು ಉದುರೋ ವಯಸ್ಸಿನೋರೇ ಅಲ್ವಾ ಈ ಕೆಲಸಕ್ಕೆ ಬರೋದು. ಬೇರೇನೂ ನಾನು ಕೇಳಲ್ಲ."

ಬಾಂಗ್ ಗಡಿಯಾರ ನೋಡುತ್ತಾರೆ. "ಹತ್ತು ಗಂಟೆಗೆ ಪ್ರಾಂತ್ಯದ ಸಾಹೇಬ್ರು ಬರ್ತಾರೆ. ಅವರಿಗೇನು ಹಾಕ್ತೀರಿ?"

ಪ್ಯೋ ಆಗಲೇ ಗುಂಡಿಯ ದಾರಿ ಹಿಡಿದಿದ್ದಾರೆ. ಮಾಲ್ಸುನ್ ಸಾಲಿನ ಮುಂದಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಪಟ್ಟಿ ಬಿಗಿಯುತ್ತಲೇ ಹೇಳುತ್ತಾರೆ:

"ಬೇಲಿ ಆಚೆ ನಿಂತು ನೋಡ್ಲಿ ಬಿಡಿ. ಅಲ್ಲಿಗೆ ದೂಳು ಬರಲ್ಲ. ಒಂದಿನಾನೂ ನಾವದನ್ನ ಆಚೆ ಬಿಟ್ಟಿಲ್ಲ."